ನಿಂತಲ್ಲೇ ದಾರಿ ತಿಳಿಯುವಂಥ ನಕ್ಷೆಯನ್ನು ರೂಪಿಸುವುದು ಹೇಗೆ?

ದಾರಿ ತೋರುವ ನಕ್ಷೆಯನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಅಳತೆಪಟ್ಟಿ ಹಿಡಿದು ಕೆಲಸ ಆರಂಭಿಸುತ್ತಾರೆ, ಇಲ್ಲವೇ ಉಪಗ್ರಹ ಚಿತ್ರವೊಂದನ್ನು ತೆರೆದು ಅದರ ಮೇಲೆ ಗೆರೆ ಎಳೆಯುತ್ತಾರೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ ಎಂದು ನಾನು ಬಲವಾಗಿ ನಂಬುತ್ತೇನೆ: ಆ ಜಾಗದಲ್ಲಿ ಓಡಾಡುವವರ ತಲೆಯೊಳಗೆ ಈಗಾಗಲೇ ಎಂಥ ನಕ್ಷೆಯಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಜಟಿಲ ಹಾದಿಗಳಲ್ಲಿ ಬಿಟ್ಟ ಇಲಿಗಳು ಎಡ-ಬಲ ತಿರುವುಗಳನ್ನಷ್ಟೇ ಅಲ್ಲದೆ ಇಡೀ ಜಾಗದ ವಿನ್ಯಾಸವನ್ನೇ ಕಲಿತುಕೊಳ್ಳುತ್ತವೆ ಎಂದು ಮನೋವಿಜ್ಞಾನಿ ಎಡ್ವರ್ಡ್ ಟೋಲ್ಮನ್ 1948ರಲ್ಲಿ ವಾದಿಸಿ, ಮನುಷ್ಯರಿಗೂ ಅದನ್ನು ಅನ್ವಯಿಸಿದರು. ನಮ್ಮ ಕಾಗದದ ನಕ್ಷೆ ಈ ಮನಸ್ಸಿನ ನಕ್ಷೆಯೊಂದಿಗೆ ಹೊಂದಿಕೊಂಡರೆ ಓದುಗರಿಗೆ ದಾರಿ ಸುಲಭವಾಗುತ್ತದೆ, ಹೊಂದಿಕೊಳ್ಳದಿದ್ದರೆ ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಅವರು ತಡವರಿಸುತ್ತಾರೆ.

ಆದ್ದರಿಂದ ಎಂಟು ಹತ್ತು ಜನರನ್ನು ಆರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಮಂದಿ ಆ ಜಾಗಕ್ಕೆ ಹೊಸಬರಾಗಿರುವಂತೆ ನೋಡಿಕೊಂಡು, ಪ್ರತಿಯೊಬ್ಬರಿಗೂ ಖಾಲಿ ಹಾಳೆ ಕೊಟ್ಟು ನೆನಪಿನಿಂದಲೇ ಚಿತ್ರ ಬರೆಯಲು ಹೇಳಿ. ಚಿತ್ರ ಅಂದವಾಗಿರಬೇಕಿಲ್ಲ. ಅವರು ಯಾವುದನ್ನು ಮೊದಲು ಬರೆದರು, ಎಲ್ಲಿ ಪೆನ್ಸಿಲ್ ಎತ್ತಿ ಯೋಚಿಸಿದರು ಎಂಬುದನ್ನು ಪಕ್ಕದಲ್ಲಿ ಕುಳಿತು ಗುರುತು ಮಾಡಿಕೊಳ್ಳಿ. ಬಾಸ್ಟನ್, ಜರ್ಸಿ ಸಿಟಿ ಮತ್ತು ಲಾಸ್ ಏಂಜಲೀಸ್ ನಗರಗಳ ನಿವಾಸಿಗಳನ್ನು ಕೇಳಿ ತಿಳಿದ ನಗರ ಯೋಜಕ ಕೆವಿನ್ ಲಿಂಚ್, ಜನರು ನಗರವನ್ನು ದಾರಿ, ಅಂಚು, ಪ್ರದೇಶ, ಕೂಡುತಾಣ, ಹೆಗ್ಗುರುತು ಎಂಬ ಐದು ಬಗೆಯ ಅಂಶಗಳಿಂದ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ ಎಂದು 1960ರಲ್ಲಿ ತೋರಿಸಿದರು. ಸಂಗ್ರಹಿಸಿದ ಹಾಳೆಗಳನ್ನು ಈ ಐದರ ಕಣ್ಣಿನಿಂದ ನೋಡಿದಾಗ, ಎಲ್ಲರ ಚಿತ್ರದಲ್ಲೂ ಇರುವುದು ಯಾವುದು, ಯಾರ ಚಿತ್ರದಲ್ಲೂ ಇಲ್ಲದಿರುವುದು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಎಲ್ಲರೂ ಖಾಲಿ ಬಿಟ್ಟ ಮೂಲೆಯಲ್ಲೇ ನಿಮ್ಮ ನಕ್ಷೆ ಹೆಚ್ಚು ಕೆಲಸ ಮಾಡಬೇಕಾಗುತ್ತದೆ.

ಚಿತ್ರಗಳಲ್ಲಿ ತಪ್ಪುಗಳೂ ಇರುತ್ತವೆ, ಮತ್ತು ಆ ತಪ್ಪುಗಳಿಗೆ ಒಂದು ಕ್ರಮವಿರುತ್ತದೆ. ಓರೆಯಾಗಿ ಸೇರುವ ರಸ್ತೆಗಳನ್ನು ಜನ ಲಂಬಕೋನದಲ್ಲಿ ಸೇರಿಸುತ್ತಾರೆ, ಬಳಸಿಕೊಂಡು ಹೋಗುವ ದಾರಿಯನ್ನು ನೇರವಾಗಿಸುತ್ತಾರೆ. 1970ರ ದಶಕದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಪ್ಯಾರಿಸ್ಸಿನ ನಿವಾಸಿಗಳಿಂದ ನಕ್ಷೆ ಬರೆಸಿದಾಗ, ಹೆಚ್ಚಿನವರು ಸೀನ್ ನದಿಯ ಬಾಗನ್ನು ನಿಜಕ್ಕಿಂತ ಕಡಿಮೆ ಮಾಡಿಯೇ ಬರೆದಿದ್ದರು. ನಕ್ಷೆಯಲ್ಲಿ ಸಣ್ಣಪುಟ್ಟ ತಿರುವುಗಳನ್ನು ನೇರವಾಗಿಸುವುದು ವಂಚನೆಯಲ್ಲ, ಮನಸ್ಸು ಹೇಗೂ ಮಾಡುವ ಕೆಲಸವನ್ನೇ ನಾವು ಮುಂಚಿತವಾಗಿ ಮಾಡಿಕೊಟ್ಟಂತೆ.

ಆದರೆ ಎಷ್ಟು ಸರಳಗೊಳಿಸಬಹುದು ಎಂಬುದು ನಕ್ಷೆಯನ್ನು ಬಳಸುವವರು ಯಾರು ಎಂಬುದನ್ನು ಅವಲಂಬಿಸಿದೆ. ಹ್ಯಾರಿ ಬೆಕ್ 1931ರಲ್ಲಿ ಲಂಡನ್ನಿನ ಸುರಂಗ ರೈಲಿಗಾಗಿ ಬರೆದು 1933ರಲ್ಲಿ ಜನರ ಕೈ ಸೇರಿದ ನಕ್ಷೆಯಲ್ಲಿ ಗೆರೆಗಳೆಲ್ಲ ಅಡ್ಡ, ಉದ್ದ ಅಥವಾ 45 ಡಿಗ್ರಿ ಓರೆಯಾಗಿವೆ, ನೆಲದ ಮೇಲಿನ ಗುರುತಾಗಿ ಥೇಮ್ಸ್ ನದಿಯೊಂದೇ ಉಳಿದಿದೆ. ಸುರಂಗದೊಳಗೆ ಕುಳಿತವರಿಗೆ ನಿಲ್ದಾಣಗಳ ಅನುಕ್ರಮ ಮತ್ತು ರೈಲು ಬದಲಿಸುವ ಜಾಗ ತಿಳಿದರೆ ಸಾಕಾದ್ದರಿಂದ ಅದು ಗೆದ್ದಿತು. ವಿನ್ಯಾಸಕಾರ ಮಾಸಿಮೊ ವಿನ್ಯೆಲ್ಲಿ 1972ರಲ್ಲಿ ನ್ಯೂಯಾರ್ಕಿನ ರೈಲಿಗೆ ಅಷ್ಟೇ ಅಚ್ಚುಕಟ್ಟಾದ ನಕ್ಷೆಯನ್ನು ಮಾಡಿದರು, ಆದರೆ ಸುಮಾರು 4 ಕಿ.ಮೀ. ಉದ್ದ ಮತ್ತು 0.8 ಕಿ.ಮೀ. ಅಗಲವಿರುವ ಸೆಂಟ್ರಲ್ ಪಾರ್ಕ್ ಅದರಲ್ಲಿ ಹೆಚ್ಚುಕಡಿಮೆ ಚೌಕವಾಗಿತ್ತು, ಉದ್ಯಾನಗಳಿಗೆ ಬೂದು ಬಣ್ಣ ಹಚ್ಚಲಾಗಿತ್ತು. ದಿನವೂ ಆ ಉದ್ಯಾನದ ಪಕ್ಕದಲ್ಲೇ ನಡೆಯುವವರು ಅದನ್ನು ಒಪ್ಪಲಿಲ್ಲ, 1979ರಲ್ಲಿ ನಕ್ಷೆಯನ್ನೇ ಬದಲಿಸಬೇಕಾಯಿತು. ಗೆರೆಗಳನ್ನು ನೇರಗೊಳಿಸಿ, ಆದರೆ ಎಲ್ಲರೂ ಕಣ್ಣಾರೆ ಬಲ್ಲ ಆಕಾರವನ್ನು ಮುರಿಯಬೇಡಿ.

ಇನ್ನು ದಿಕ್ಕಿನ ವಿಷಯ. ಗೋಡೆಯ ಮೇಲಿನ ಫಲಕದ ಮುಂದೆ ನಿಂತವರನ್ನು ಸ್ವಲ್ಪ ಹೊತ್ತು ಗಮನಿಸಿ. ಒಬ್ಬಾಕೆ 'ನೀವು ಇಲ್ಲಿದ್ದೀರಿ' ಎಂಬ ಚುಕ್ಕೆಯ ಮೇಲೆ ಬೆರಳಿಡುತ್ತಾರೆ, ತಲೆಯನ್ನು ಪಕ್ಕಕ್ಕೆ ವಾಲಿಸುತ್ತಾರೆ, ಹಿಂದಿರುಗಿ ನೋಡುತ್ತಾರೆ, ಮತ್ತೆ ಫಲಕದತ್ತ ತಿರುಗಿ ಬೆರಳನ್ನು ಬಲಕ್ಕೆ ಜರುಗಿಸುತ್ತಾರೆ, ಕೊನೆಗೆ ಎಡಕ್ಕೆ ನಡೆದುಬಿಡುತ್ತಾರೆ. ತಪ್ಪು ಅವರದಲ್ಲ, ಒಂದೇ ನಕ್ಷೆಯನ್ನು ಅಚ್ಚು ಹಾಕಿಸಿ ನಾಲ್ಕೂ ಗೋಡೆಗಳಿಗೆ ಅಂಟಿಸಿದವರದು. ಫಲಕದ ಎದುರು ನಿಂತವರ ಮುಂದಿರುವುದು ನಕ್ಷೆಯಲ್ಲಿ ಮೇಲ್ಭಾಗಕ್ಕೇ ಬರಬೇಕು. ಹಾಗಾಗಿ ಪ್ರತಿ ಗೋಡೆಗೂ ಅದರದೇ ದಿಕ್ಕಿನ ನಕ್ಷೆಯನ್ನು ಬರೆಯಬೇಕಾಗುತ್ತದೆ. ಖರ್ಚು ಹೆಚ್ಚಾದರೂ ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಲಂಡನ್ನಿನಲ್ಲಿ 2007ರಿಂದ ಬಂದ ಪಾದಚಾರಿ ಫಲಕಗಳು ಈ ಕ್ರಮವನ್ನೇ ಪಾಲಿಸುತ್ತವೆ, ಜೊತೆಗೆ ಐದು ನಿಮಿಷದಲ್ಲಿ ನಡೆದು ತಲುಪಬಹುದಾದ ವ್ಯಾಪ್ತಿಯನ್ನು ವೃತ್ತದಲ್ಲಿ ತೋರಿಸುತ್ತವೆ. ಕೈಯಲ್ಲಿ ಹಿಡಿಯುವ ನಕ್ಷೆಯನ್ನಾದರೆ ಓದುಗರೇ ತಿರುಗಿಸಿಕೊಳ್ಳಬಲ್ಲರು, ಅದಕ್ಕೆ ಉತ್ತರ ಮೇಲಿದ್ದರೆ ಸಾಕು.

ಹೆಗ್ಗುರುತುಗಳನ್ನು ಪುಟ ತುಂಬ ಚೆಲ್ಲದೆ, 'ಇಲ್ಲಿ ತಿರುಗಲೋ, ಮುಂದೆ ಹೋಗಲೋ' ಎಂದು ನಡೆಯುವವರು ನಿರ್ಧರಿಸಬೇಕಾದ ತಾಣಗಳಲ್ಲಿ ಮಾತ್ರ ಇಡಿ. ಕಟ್ಟಡವನ್ನು ಗುರುತಿಸಲು ಅದರ ಚಾವಣಿಯ ಆಕಾರಕ್ಕಿಂತ ಮುಂಭಾಗದ ಚಿತ್ರ ಹೆಚ್ಚು ನೆರವಾಗುತ್ತದೆ, ಏಕೆಂದರೆ ಯಾರೂ ಆಕಾಶದಿಂದ ಇಳಿದು ಬರುವುದಿಲ್ಲ. ಹೆಸರುಗಳು ಆ ಸ್ಥಳದ ನಾಮಫಲಕದಲ್ಲಿ ಇರುವಂತೆಯೇ ಇರಲಿ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಲಾಗದವರು ಬಹಳ ಮಂದಿ ಇದ್ದಾರೆ, ಆದ್ದರಿಂದ ಬಣ್ಣದ ಜೊತೆಗೆ ಗೆರೆಯ ದಪ್ಪ, ಅಂಕಿ ಅಥವಾ ಅಕ್ಷರದಿಂದಲೂ ವ್ಯತ್ಯಾಸ ತೋರಿಸಿ.

ಕರಡು ಸಿದ್ಧವಾದ ಮೇಲೆ, ಆ ಜಾಗವನ್ನು ಎಂದೂ ನೋಡದ ಒಬ್ಬರ ಕೈಗೆ ಅದನ್ನು ಕೊಟ್ಟು ಒಂದು ಗುರಿಯನ್ನು ಹೇಳಿ, ಬಾಯಿ ಬಿಡದೆ ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಅವರು ನಿಂತ, ಹಿಂದೆ ತಿರುಗಿದ, ಬೇರೆಯವರನ್ನು ಕೇಳಿದ ಪ್ರತಿ ಜಾಗವನ್ನೂ ನಿಮ್ಮ ಪ್ರತಿಯ ಮೇಲೆ ಗುರುತಿಸಿ. ಗುರಿ ಮುಟ್ಟಿದ ಮೇಲೆ ನಕ್ಷೆಯನ್ನು ಹಿಂದಕ್ಕೆ ಪಡೆದು, ಬಂದ ದಾರಿಯನ್ನು ಖಾಲಿ ಹಾಳೆಯ ಮೇಲೆ ಬರೆಯಲು ಹೇಳಿ: ಅವರು ತಡವರಿಸಿದ ಜಾಗಗಳು ಅಲ್ಲಿ ಬಹುಮಟ್ಟಿಗೆ ಕಾಣೆಯಾಗಿರುತ್ತವೆ, ಮೊದಲು ತಿದ್ದಬೇಕಾದುವೂ ಅವೇ. ತಿದ್ದಿದ ನಕ್ಷೆಯನ್ನು ಮತ್ತೆ ಅವರಿಗೇ ಕೊಡಬೇಡಿ. ಒಮ್ಮೆ ನಡೆದವರ ತಲೆಯೊಳಗೆ ದಾರಿ ಆಗಲೇ ಕುಳಿತಿರುತ್ತದೆ, ಆದ್ದರಿಂದ ಪ್ರತಿ ಬಾರಿಯೂ ಹೊಸಬರೇ ಬೇಕು.