ಚೆನ್ನೆಮಣೆಯಲ್ಲಿ ‘ಅಥವಾ’: ಎಣಿಸಬೇಕಾದ್ದು ಗುಳಿಯನ್ನು, ಬೀಜವನ್ನಲ್ಲ

ಉಡುಪಿಯಲ್ಲಿ ಪ್ರಥಮ ಪಿಯುಸಿ ಮಕ್ಕಳಿಗೆ ಸಂಭವನೀಯತೆ ಹೇಳಿಕೊಡಲು ನಾನು ಬಳಸುವುದು ಚೆನ್ನೆಮಣೆ. ಆಟಿ ತಿಂಗಳಲ್ಲಿ ಆಡುವ ಅದೇ ಮಣೆ: ಎರಡು ಸಾಲು, ಸಾಲಿಗೆ 7 ಗುಳಿ, ಒಟ್ಟು 14. ಗುಳಿಗಳ ಅಂಚಿನಲ್ಲಿ ಸೀಮೆಸುಣ್ಣದಿಂದ 1ರಿಂದ 14 ಬರೆದು, ಅವೇ ಸಂಖ್ಯೆಗಳ ಚೀಟಿಗಳನ್ನು ಡಬ್ಬಿಗೆ ಹಾಕುತ್ತೇನೆ. ಚೀಟಿಗಳ ಅಳತೆ, ಮಡಿಕೆ ಎರಡೂ ಒಂದೇ ಇರಬೇಕು. ಒಂದು ಚೀಟಿ ದಪ್ಪಗಿದ್ದರೆ ಕೈ ಅದಕ್ಕೇ ಹೋಗುತ್ತದೆ. ಪ್ರತಿ ಸಂಖ್ಯೆಗೂ 1/14 ಎಂಬ ಲೆಕ್ಕ ಆಗಲೇ ಕೆಟ್ಟಿತು.

ಸಮಸಂಖ್ಯೆಯ ಗುಳಿಗಳಿಗೆ ಒಂದೊಂದು ಮಂಜೊಟ್ಟಿ ಬೀಜ, 3ರ ಅಪವರ್ತ್ಯಗಳಿಗೆ ಒಂದೊಂದು ಹುಣಸೆಬೀಜ. ‘ಸಮ ಅಥವಾ 3ರ ಅಪವರ್ತ್ಯ’ ಬರುವ ಸಂಭವನೀಯತೆ ಎಷ್ಟು? ಬೀಜ ಎಣಿಸಿದವರು 7 + 4 ಕೂಡಿಸಿ 11/14 ಎನ್ನುತ್ತಾರೆ. ಗುಳಿ ಎಣಿಸಿದರೆ 9. ಏಕೆಂದರೆ 6 ಮತ್ತು 12ರಲ್ಲಿ ಎರಡೂ ಬೀಜಗಳಿವೆ. 7/14 + 4/14 − 2/14 = 9/14. ಸೂತ್ರದಲ್ಲಿ ಕಳೆಯುವುದು ಯಾಕೆಂದು ಬಾಯಲ್ಲಿ ಎಷ್ಟು ವಿವರಿಸಿದರೂ, ಆ ಎರಡು ಗುಳಿ ಕಂಡಷ್ಟು ಮನಸ್ಸಿಗೆ ಇಳಿಯುವುದಿಲ್ಲ.

ಇನ್ನೊಂದು ಲೆಕ್ಕ ತಪ್ಪನ್ನು ತಾನಾಗಿಯೇ ಬಯಲು ಮಾಡುತ್ತದೆ. ಹಳೆಯ ಬೀಜ ತೆಗೆದು ‘ಮೇಲಿನ ಸಾಲು (1–7) ಅಥವಾ ಸಮ’ಕ್ಕೆ ಹೊಸದಾಗಿ ಇಡುತ್ತೇನೆ: ಸುಮ್ಮನೆ ಕೂಡಿಸಿದರೆ 14/14, ಅಂದರೆ ಬಂದೇ ಬರಬೇಕು. ಮಣೆಯಲ್ಲಿ 9, 11, 13 ಖಾಲಿಯಾಗಿಯೇ ಇವೆ! 2, 4, 6ನ್ನು ಒಂದು ಸಲ ಕಳೆದರೆ 11/14.

ಗೊಂದಲಕ್ಕೆ ಅರ್ಧ ಕಾರಣ ಮಾತಿನ ರೂಢಿ. ‘ಗೋಳಿಬಜೆಯೋ ಬನ್ಸೋ’ ಎಂದು ಕೇಳಿದರೆ ಒಂದನ್ನೇ ಹೇಳಬೇಕು. ಗಣಿತದ ‘ಅಥವಾ’ ಎರಡೂ ಒಟ್ಟಿಗೆ ಬಂದರೂ ಒಪ್ಪುತ್ತದೆ.

ಮೇಲಿನ ಸಾಲು, ಕೆಳಗಿನ ಸಾಲು ಪರಸ್ಪರ ವರ್ಜಕ ಘಟನೆಗಳು. ಒಂದೇ ಚೀಟಿಗೆ ಎರಡೂ ಆಗಲಾರವು. ಇವನ್ನು ‘ಸ್ವತಂತ್ರ’ ಎಂದು ಬರೆಯುವವರು ಬಹಳ. ಮೇಲಿನ ಸಾಲು ಬಂದಿತೆಂದು ತಿಳಿದರೆ ಕೆಳಗಿನದರ ಸಂಭವನೀಯತೆ 1/2ರಿಂದ ಸೊನ್ನೆಗೆ ಇಳಿಯುತ್ತದೆ. ಇದಕ್ಕಿಂತ ದೊಡ್ಡ ಅವಲಂಬನೆ ಇಲ್ಲ.

3ರ ಅಪವರ್ತ್ಯ, 5ರ ಅಪವರ್ತ್ಯ ವರ್ಜಕವೇ? ಘಟನೆಯ ಹೆಸರು ನೋಡಿ ಉತ್ತರಿಸಬಾರದು, ಫಲಿತಗಳ ಪಟ್ಟಿ ಬರೆಯಬೇಕು. 14ರವರೆಗೆ 3, 6, 9, 12 ಒಂದೆಡೆ, 5, 10 ಇನ್ನೊಂದೆಡೆ. ಎಲ್ಲೂ ಕೂಡುವುದಿಲ್ಲ, ಹಾಗಾಗಿ ನೇರವಾಗಿ 6/14. ಈಗ ಮಣೆಯ ಪಕ್ಕ ಒಂದು ಗೆರಟೆ ಇಟ್ಟು 15 ಎಂದು ಬರೆದು, ಡಬ್ಬಿಗೂ ಆ ಚೀಟಿ ಹಾಕುತ್ತೇನೆ. ಗೆರಟೆಗೆ ಎರಡು ಬೀಜ ಬೀಳುತ್ತವೆ. 5/15 + 3/15 − 1/15 = 7/15.