ಮಷಿನ್ ಗಂಟೆಗೆ ನಿಜವಾದ ದರ ಎಷ್ಟು?

ಪೀಣ್ಯವಿರಲಿ, ಬೆಳಗಾವಿಯ ಉದ್ಯಮಬಾಗವಿರಲಿ, ಬೇರೆಯವರ ಆರ್ಡರ್‌ಗೆ ಬಿಡಿಭಾಗ ಮಾಡಿಕೊಡುವ ಜಾಬ್ ವರ್ಕ್ ಶೆಡ್‌ಗಳಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಸಾಮಾನ್ಯ. ಆದರೆ ಒಳಗಿನ ಲೆಕ್ಕ ಬಹುಪಾಲು ತೆರಿಗೆಗಾಗಿ ಬರೆದದ್ದು. ಆಗೊಮ್ಮೆ ಈಗೊಮ್ಮೆ ಬರುವ ಅಕೌಂಟೆಂಟ್‌ಗೆ ಜಿಎಸ್‌ಟಿ ರಿಟರ್ನ್ ಮುಗಿಸುವುದೇ ಸಾಕುಬೇಕಾಗಿರುತ್ತದೆ. ಯಾವ ಜಾಬಿನಲ್ಲಿ ದುಡ್ಡು ಉಳಿಯಿತು ಎಂಬುದು ಮಾಲೀಕರ ತಲೆಯಲ್ಲಿ, ಅದೂ ಅಂದಾಜಿನಲ್ಲಿ. ಹೊಸ ಸಾಫ್ಟ್‌ವೇರ್ ಕೊಂಡರೆ ಇದು ಸರಿಹೋಗದು. ಒಂದು ಮಷಿನ್‌ನಿಂದ ಶುರು ಮಾಡಿ.

ಮೊದಲು ತಿಂಗಳ ಖರ್ಚು. ಉದಾಹರಣೆಗೆ, 18 ಲಕ್ಷದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ 10 ವರ್ಷ ಬಾಳಿ ಕೊನೆಗೆ 3 ಲಕ್ಷಕ್ಕೆ ಹೋಗುತ್ತದೆ ಎನ್ನಿ: ಸವಕಳಿ ತಿಂಗಳಿಗೆ 12,500. ಆಪರೇಟರ್ 22,000, ಕರೆಂಟ್ 9,000, ಬಾಡಿಗೆಯ ಪಾಲು 10,000, ಟೂಲ್ 8,000, ರಿಪೇರಿ 4,500, ಮಾಲೀಕರ ಸಂಬಳದ ಪಾಲು 9,000. ಒಟ್ಟು 75,000. ಲೆಕ್ಕದಲ್ಲಿ ಬಿಟ್ಟುಹೋಗುವುದು ಮಾಲೀಕರ ಆ ಸಂಬಳವೇ. ಮನೆಖರ್ಚಿಗೆ ಗಲ್ಲಾದಿಂದ ತೆಗೆದದ್ದು ಪುಸ್ತಕದಲ್ಲಿ ಖರ್ಚಾಗಿ ಕಾಣುವುದಿಲ್ಲ. ಸ್ವಂತ ಶೆಡ್ ಆದರೆ ಬಾಡಿಗೆಯೂ ಹಾಗೆಯೇ.

ಈಗ ಗಂಟೆ. 26 ದಿನಕ್ಕೆ 8ರಂತೆ 208 ಎಂದು ಭಾಗಿಸಿದರೆ ದರ 360 ರೂಪಾಯಿ. ಮಷಿನ್ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ, ಶುರು, ನಿಲುಗಡೆ, ಸೆಟ್ಟಿಂಗ್ (ಹೊಸ ಜಾಬಿಗೆ ಮಷಿನ್ ಸಜ್ಜುಗೊಳಿಸುವುದು), ರಿಜೆಕ್ಷನ್ ಎರಡು ವಾರ ಬರೆಸಿ. ಟೂಲ್ ಬದಲಾವಣೆ, ಕರೆಂಟ್ ಕಡಿತ ಕಳೆದು ತಿಂಗಳಿಗೆ 150 ಗಂಟೆ ಸಿಕ್ಕರೆ ದರ 500. ಅಂದರೆ 400ಕ್ಕೆ ಕೊಟೇಶನ್ ಕೊಟ್ಟವರು ಗಂಟೆಗೆ 40 ಲಾಭವೆಂದುಕೊಂಡು 100 ಕಳೆದುಕೊಳ್ಳುತ್ತಿದ್ದಾರೆ. ಸಂಬಳ ಕಡಿಯಲು ಈ ಪುಸ್ತಕವಲ್ಲವೆಂದು ಮೊದಲೇ ಹೇಳಿ, ಇಲ್ಲವಾದರೆ ಆಪರೇಟರ್ ದಿನವೂ 8 ಎಂದೇ ಬರೆಯುತ್ತಾರೆ. ಆರ್ಡರ್ ಇಲ್ಲದೆ ಮಷಿನ್ ನಿಂತ ಗಂಟೆಯನ್ನು ಮಾತ್ರ ಕಳೆಯಬೇಡಿ. ಕಳೆದರೆ ದರ ಏರುತ್ತದೆ, ಇನ್ನಷ್ಟು ಆರ್ಡರ್ ತಪ್ಪುತ್ತವೆ.

ಸೆಟ್ಟಿಂಗ್ ಅನ್ನು ಜಾಬಿಗೇ ಹಾಕಿ. ಆಗ ಅದರ ಗಂಟೆಗಳು ಆ 150ರೊಳಗೇ ಇರಬೇಕು. ಎರಡು ಗಂಟೆ ಸೆಟ್ಟಿಂಗ್ ಎಂದರೆ 1,000 ರೂಪಾಯಿ: 200 ಪೀಸಿಗೆ ತಲಾ 5, 50 ಪೀಸಿಗೆ ತಲಾ 20. ಸಣ್ಣ ಲಾಟ್‌ಗೂ ಅದೇ ದರ ಕೊಡುವ ಹಳೇ ಗ್ರಾಹಕರ ಮೋಹ ಇಲ್ಲೇ ಬಯಲಾಗುವುದು.

ಟ್ಯಾಲಿಪ್ರೈಮ್‌ನಲ್ಲಿ ಎಫ್11 ಒತ್ತಿ ಕಾಸ್ಟ್ ಸೆಂಟರ್ (ಖರ್ಚನ್ನು ಬೇರೆಬೇರೆಯಾಗಿ ಹಾಕುವ ತಲೆಬರಹ) ಆನ್ ಮಾಡಿ, ಮಷಿನ್‌ಗೊಂದು ಹೆಸರು ಕೊಡಿ. ಮೂರ್ನಾಲ್ಕು ಸಾಕು. ಮೂವತ್ತು ಮಾಡಿದರೆ ಎರಡನೇ ತಿಂಗಳಿಗೇ ಎಲ್ಲವೂ 'ಇತರೆ'ಗೆ ಬೀಳುತ್ತವೆ.

ಗ್ರಾಹಕರು ಉಳಿಸಿಕೊಂಡ ಬಾಕಿಯ ಬಡ್ಡಿಯನ್ನೂ ಸೇರಿಸಿ. ಶೇ 12ರ ಸಾಲದಲ್ಲಿ ಲಕ್ಷ ರೂಪಾಯಿ 90 ದಿನ ನಿಂತರೆ ಸುಮಾರು 3,000 ಹೋಯಿತು. ಸರ್ಕಾರದ ಉದ್ಯಮ್ ನೋಂದಣಿಯಿರುವ ಕಿರು ಮತ್ತು ಸಣ್ಣ ತಯಾರಕರಿಗೆ ಗ್ರಾಹಕರು ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದವೇ ಇಲ್ಲದಿದ್ದರೆ 15 ದಿನ. ನೋಂದಣಿ ಸಂಖ್ಯೆಯನ್ನು ಇನ್‌ವಾಯ್ಸ್ ಮೇಲೆಯೇ ಅಚ್ಚು ಹಾಕಿಸಿ.