ಯುಗಾದಿಗೆ ಬೇವಿನ ಹೂವು ಕೂಡಿಡುವ ಬಗೆ

ಹಿಂಗಾರಿ ಜೋಳದ ರಾಶಿ ಮುಗಿದು, ಹಾವೇರಿ ಸೀಮೆಯ ಎರೆಹೊಲಗಳು ಬಿರುಕು ಬಿಟ್ಟು ಬರಿದಾಗಿರುವ ಈ ದಿನಗಳಲ್ಲಿ, ನಮ್ಮ ಅಜ್ಜ ಬದುವಿನ ಮೇಲೆ ನೆಟ್ಟ ಬೇವಿನ ಮರವೊಂದು ಮೈತುಂಬ ಹೂವು ಹೊತ್ತು ನಿಂತಿದೆ. ಅದರ ನೆರಳಿಗೆ ಕಾಲಿಟ್ಟ ಕೂಡಲೇ ಜೇನಿನಂಥ ಪರಿಮಳವೂ ಹುಳುಗಳ ಝೇಂಕಾರವೂ ಒಟ್ಟಿಗೇ ಎದುರಾಗುತ್ತವೆ. ಅಜ್ಜನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಹಬ್ಬದ ಬೇವಿಗಾಗಿ ದಯವಿಟ್ಟು ಟೊಂಗೆ ಮುರಿಯಬೇಡಿರಿ. ಸಂಜೆ ಮರದ ಕೆಳಗೆ ಹಳೆಯ ಧೋತರವನ್ನು ಹಾಸಿ, ಅಂಚುಗಳಿಗೆ ಕಲ್ಲಿಟ್ಟು ಬಂದರೆ, ಬೆಳಗಾಗುವಷ್ಟರಲ್ಲಿ ಜೋಳದ ಕಾಳಿನಷ್ಟು ಸಣ್ಣ, ಐದು ಎಸಳಿನ ಬಿಳಿ ಹೂಗಳು ತಾವಾಗಿಯೇ ಉದುರಿರುತ್ತವೆ. ಅವುಗಳನ್ನು ಮೊರದಲ್ಲಿ ಕೇರಿ, ಕಸ ಮತ್ತು ಇರುವೆಗಳನ್ನು ತೆಗೆದು, ಗರಿಗರಿಯಾಗುವವರೆಗೆ ನೆರಳಿನಲ್ಲಿಯೇ ಒಣಗಿಸಿ (ಬಿಸಿಲಿಗಿಟ್ಟರೆ ಪರಿಮಳ ಹೋಗುತ್ತದೆ), ಗಾಜಿನ ಭರಣಿಯಲ್ಲಿ ತುಂಬಿಡಬೇಕು. ಬೆಲ್ಲ, ಹುಣಸೆಹಣ್ಣು, ಪುಟಾಣಿ ಹಿಟ್ಟು ಹಾಕಿ ಮಾಡುವ ಬೇವಿಗೆ ಒಂದು ಹಿಡಿ ಸಾಕು.

ಟೊಂಗೆಯಲ್ಲಿ ಉಳಿದ ಹೂವು ಮುಂಗಾರಿನ ಹೊತ್ತಿಗೆ ಹಣ್ಣಾಗಿ ಬೀಜ ಉದುರಿಸುತ್ತದೆ. ಆ ಬೀಜದ 5 ಕಿಲೋ ತಿರುಳನ್ನು ಕುಟ್ಟಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಸೋಸಿ, ಒಟ್ಟು 100 ಲೀಟರ್ ಆಗುವಷ್ಟು ನೀರು ಬೆರೆಸಿದರೆ, ಮೆಣಸಿನಕಾಯಿ ಬೆಳೆಗೆ ಸಿಂಪಡಿಸುವ ಕಷಾಯ ಮನೆಯಲ್ಲಿಯೇ ಸಿದ್ಧವಾಗುತ್ತದೆ.